ಅಜ್ಜಿಯ ಮಾತು ಡಾಕ್ಟರಿಗೆ ತಲುಪಿದ್ದು ಎರಡನೇ ಸಲ

ಮೈಸೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ವಿಡಿಯೊ ಭೇಟಿ ಶುರುವಾಯಿತು. ಅದರ ಹೊಣೆ ಅಂದಿನಿಂದ ನನ್ನದೇ. ಯಾರಿಗೆ ಎಷ್ಟು ಹೊತ್ತಿಗೆ, ಲಿಂಕ್ ಹೋಯಿತಾ, ಕಾಲ್ ಸಿಕ್ಕಿತಾ, ಚೀಟಿ ಕೈಸೇರಿತಾ, ಇದೆಲ್ಲ ನಾನೇ ನೋಡಬೇಕು. ವಿಡಿಯೊದಲ್ಲಿ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಅವರಲ್ಲಿ ಒಬ್ಬ ಅಜ್ಜಿಯ ವಿಷಯವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅವರ ಮತ್ತು ಮನೆಯವರ ಒಪ್ಪಿಗೆ ಕೇಳಿ ಪಡೆದಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ನಮ್ಮ ಕಡೆಯಿಂದ ಆದ ತಪ್ಪನ್ನು ಬಿಟ್ಟಿಲ್ಲ.

ಅಜ್ಜಿ ಮತ್ತು ಅವರ ದಾರಿ

ಅಜ್ಜಿಗೆ 74 ವರ್ಷ. ಊರು ಪಾಂಡವಪುರ ತಾಲ್ಲೂಕಿನಲ್ಲಿ. 12 ವರ್ಷದಿಂದ ಶುಗರ್ ಇದೆ, ಅದಕ್ಕೂ ಮೊದಲಿನಿಂದ ಬಿಪಿ. ಬಲಗಣ್ಣಿನ ಪೊರೆ ತೆಗೆಸಿದ್ದಾರೆ, ಎಡಗಣ್ಣಿನದು ಬಾಕಿ ಇದೆ. ಕಿವಿ ಮಂದ. ಇರುವುದು ಮಗನ ಮನೆಯಲ್ಲಿ. ಮಗ ವಿಸಿ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುತ್ತಾರೆ. ಸೊಸೆಗೆ ಐವತ್ತರ ಹತ್ತಿರ. ಮಗಳು ಬೆಂಗಳೂರಿನಲ್ಲಿ. ಮೊಮ್ಮಗ ಮಂಡ್ಯದಲ್ಲಿ ಓದುತ್ತಾನೆ. ಅವನು ಹೊಸ ಫೋನ್ ತೆಗೆದುಕೊಂಡಾಗ ಹಳೆಯದು ಅಜ್ಜಿಯ ಪಾಲಿಗೆ ಬಂತು.

ಮೊದಲೆಲ್ಲ ಮೂರು ತಿಂಗಳಿಗೊಮ್ಮೆ ಮೈಸೂರಿಗೆ ಬರುತ್ತಿದ್ದರು. ಊರಿಂದ ಸ್ಟಾಪಿಗೆ ನಡೆಯಬೇಕು. ಅಲ್ಲಿಂದ ಪಾಂಡವಪುರಕ್ಕೆ ಒಂದು ಬಸ್ಸು, ಪಾಂಡವಪುರದಿಂದ ಮೈಸೂರಿಗೆ ಇನ್ನೊಂದು, ಬಸ್ ಸ್ಟ್ಯಾಂಡಿನಿಂದ ಆಟೊ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಟಿಕೆಟ್ ಖರ್ಚಿಲ್ಲ. ಆದರೂ ಒಂದು ದಿನ ಪೂರ್ತಿ ಹೋಗುತ್ತದೆ. ಮಗ ಗದ್ದೆಯ ಕೆಲಸ ಬಿಟ್ಟು ಜೊತೆಗೆ ಬರಬೇಕು. ಇನ್ನೊಂದು ತೊಂದರೆಯನ್ನು ಅಜ್ಜಿ ತುಂಬ ದಿನ ಯಾರಿಗೂ ಹೇಳಿರಲಿಲ್ಲ. ಮೈಸೂರಿಗೆ ಹೊರಡುವ ದಿನ ಬೆಳಗ್ಗೆಯಿಂದ ಅವರು ನೀರು ಕುಡಿಯುತ್ತಲೇ ಇರಲಿಲ್ಲ. "ದಾರೀಲಿ ಎಲ್ಲಿಗೆ ವೋಗನ ಕಣವ್ವ?" ಅಂದರು ನನ್ನ ಹತ್ತಿರ. ಶುಗರ್ ಇರುವವರು ಬಿಸಿಲಲ್ಲಿ ನೀರು ಕುಡಿಯದೆ ಐದಾರು ಗಂಟೆ ಕಳೆಯುವುದು ಅಂದರೆ ಸಣ್ಣ ವಿಷಯ ಅಲ್ಲ. ಇವರಿಗೆ ವಿಡಿಯೊ ಭೇಟಿ ಬೇಕೇ ಬೇಕಿತ್ತು.

ನಿಯಮದ ಪ್ರಕಾರವೂ ಅಡ್ಡಿ ಇರಲಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅದೇ ಕಾಯಿಲೆಗೆ ಕಳೆದ 6 ತಿಂಗಳ ಒಳಗೆ ಡಾಕ್ಟರನ್ನು ನೇರವಾಗಿ ಕಂಡಿದ್ದರೆ, ವಿಡಿಯೊ ಭೇಟಿ ಮುಂದುವರಿದ ಚಿಕಿತ್ಸೆ ಅಂತ ಲೆಕ್ಕ. ಆಗ ಮಾತ್ರೆ ಸೇರಿಸಲು, ಬದಲಿಸಲು ಡಾಕ್ಟರಿಗೆ ಹೆಚ್ಚು ಅವಕಾಶ ಇರುತ್ತದೆ. ಅಜ್ಜಿ ನಾಲ್ಕು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದು ಹೋಗಿದ್ದರು. ಆಗ ಶುಗರ್ ಜಾಸ್ತಿ ಇತ್ತು ಅಂತ ಡಾಕ್ಟರ್ ಮೇಡಂ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಸೇರಿದ ಮಾತ್ರೆ ಶುರು ಮಾಡಿದ್ದರು. ಈ ಮಾತ್ರೆಯ ವಿಷಯ ಮುಂದೆ ಬರುತ್ತದೆ.

ಮೊದಲ ಕಾಲ್

ಮಗಳು ಬೆಂಗಳೂರಿನಿಂದ ಬುಕ್ ಮಾಡಿದರು. ಹಿಂದಿನ ಸಂಜೆ ನಮ್ಮ ರಿಸೆಪ್ಷನ್‌ನಿಂದ ಅಜ್ಜಿಯ ನಂಬರಿಗೆ ಫೋನ್ ಹೋಯಿತು. "ಒಂದು ಓಟಿಪಿ ಬಂದಿರುತ್ತೆ, ಹೇಳಿ" ಅಂತ ಕೇಳಿದರು. ಅಜ್ಜಿ ಫೋನ್ ಇಟ್ಟುಬಿಟ್ಟರು. ಅವರು ಮಾಡಿದ್ದೇ ಸರಿ. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ, ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ಅವರ ಖಾತೆಗೆ. ಯಾರು ಕೇಳಿದರೂ ಆ ನಂಬರ್ ಹೇಳಬೇಡ ಅಂತ ಮೊಮ್ಮಗ ಹತ್ತು ಸಲ ಹೇಳಿಕೊಟ್ಟಿದ್ದ. ಊರೆಲ್ಲ ಓಟಿಪಿ ಹೇಳಬೇಡಿ ಅನ್ನುತ್ತಿರುವಾಗ ನಾವೇ ಓಟಿಪಿ ಕೇಳಿದೆವು. ಅದಾದ ಮೇಲೆ ನಮ್ಮಲ್ಲಿ ಆ ಪದ್ಧತಿ ನಿಲ್ಲಿಸಿದ್ದೇವೆ.

ಮಾರನೇ ದಿನ 11 ಗಂಟೆಗೆ ಕಾಲ್. ಮಗಳು ಬೆಂಗಳೂರಿನಿಂದಲೇ ಲಿಂಕ್ ಒತ್ತಿ ಸೇರಿಕೊಂಡರು. ಊರಲ್ಲಿ ಸೊಸೆ ಫೋನ್ ಹಿಡಿದಿದ್ದರು. ಅಜ್ಜಿ ಬೀದಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಹಿಂದಿನಿಂದ ಬೆಳಕು ಬಂದು ಮುಖ ಕಪ್ಪು ನೆರಳಿನ ಹಾಗೆ ಕಾಣುತ್ತಿತ್ತು. ಚಿತ್ರ ಬಂತು, ಧ್ವನಿ ಇಲ್ಲ. ಮೈಕಿಗೆ ಅನುಮತಿ ಕೊಡಬೇಕಾ ಅಂತ ಫೋನ್ ಕೇಳಿದಾಗ ಸೊಸೆ ಹೆದರಿ ಬೇಡ ಅಂತ ಒತ್ತಿದ್ದರು. ಅದನ್ನು ಸರಿ ಮಾಡಲು ಏಳು ನಿಮಿಷ ಹೋಯಿತು. ಅಷ್ಟರಲ್ಲಿ ಮುಂದಿನ ರೋಗಿ ಕಾಯುತ್ತಿದ್ದರು.

ಉಳಿದ ಹೊತ್ತು ಹೀಗೆ ನಡೆಯಿತು.

"ಶುಗರ್ ಹೇಗಿದೆ?"

"ಕಂಟ್ರೋಲ್‌ನಲ್ಲಿದೆ ಮೇಡಂ," ಮಗಳು ಹೇಳಿದರು.

"ಮಾತ್ರೆ ಸರಿಯಾಗಿ ತಗೋತಿದ್ದಾರಾ?"

"ಒಂದು ದಿನಾನೂ ತಪ್ಪಿಸಲ್ಲ ಮೇಡಂ."

"ಸುಸ್ತು, ತಲೆಸುತ್ತು ಏನಾದ್ರೂ?"

"ವಯಸ್ಸಾಯ್ತಲ್ವಾ ಮೇಡಂ, ಸ್ವಲ್ಪ ಇರುತ್ತೆ."

ಅಜ್ಜಿ ಎರಡು ಸಲ "ಊಂ" ಅಂದರು. ಅಷ್ಟೇ. ಅದೇ ಮಾತ್ರೆ ಮೂರು ತಿಂಗಳು ಮುಂದುವರಿಸಿ ಅಂತ ಚೀಟಿ ಹೋಯಿತು. ನಾನು ಪುಸ್ತಕದಲ್ಲಿ ಆ ಹೆಸರಿನ ಮುಂದೆ "ಮುಗಿದಿದೆ" ಅಂತ ಗುರುತು ಹಾಕಿದೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮಗಳಿಗೆ ತಾಯಿ ಅಂದರೆ ಪ್ರಾಣ. ಅವರಿಗೆ ಗೊತ್ತಿದ್ದದ್ದನ್ನು ಹೇಳಿದರು. ಆದರೆ ಅವರಿಗೆ ಗೊತ್ತಿದ್ದದ್ದು ಫೋನಿನಲ್ಲಿ ಕೇಳಿದ್ದು ಮಾತ್ರ.

ಶ್ರಾವಣದ ಶನಿವಾರ

ಮೂರು ವಾರದ ನಂತರ ಒಂದು ಶ್ರಾವಣ ಶನಿವಾರ. ಸಂಜೆ ನಾಲ್ಕೂವರೆ ಹೊತ್ತಿಗೆ ಸೊಸೆ ಹಿತ್ತಲಿಗೆ ಹೋದಾಗ ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು. ಕೂಗಿದರೆ ಉತ್ತರ ತೊದಲುತ್ತಿತ್ತು. ಬಿಪಿ ಏರಿದೆ ಅಂತ ಎಲ್ಲರೂ ಗಾಬರಿಯಾದರು. ಪಕ್ಕದ ಮನೆಯವರು ಓಡಿ ಬಂದು ಸಕ್ಕರೆ ಜಾಸ್ತಿ ಹಾಕಿದ ಕಾಫಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಜ್ಜಿ ಸುಧಾರಿಸಿಕೊಂಡರು. ಕಾಫಿ ಕುಡಿಸಿದ್ದು ಸುಸ್ತಿಗೆ ಅಂತ. ಅಂದು ಅಜ್ಜಿಯನ್ನು ಕಾಪಾಡಿದ್ದು ಅದರ ಸಕ್ಕರೆ.

ಸೋಮವಾರ ಮಗ ಫೋನ್ ಮಾಡಿದರು. ಡಾಕ್ಟರ್ ಮೇಡಂಗೆ ತಕ್ಷಣ ಅನುಮಾನ ಬಂತು, ಇದು ಶುಗರ್ ಕಡಿಮೆಯಾದದ್ದೇ ಇರಬೇಕು ಅಂತ. ಶುಗರ್ 70ಕ್ಕಿಂತ ಕೆಳಗಿಳಿದರೆ ಹೀಗೆ ಬೆವರು, ನಡುಕ, ತೊದಲು ಬರುತ್ತದೆ. ಹೊಟ್ಟೆಗೆ ಬೀಳದೆ ಮಾತ್ರೆ ಕೊಡಬೇಡಿ, ಮತ್ತೆ ಹೀಗಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಶುಗರ್ ನೋಡಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ ಅಂದರು. ಮಗನ ಉತ್ತರ ಒಂದೇ: "ತಿಂಡಿ ತಿಂದೇ ನುಂಗ್ತಾರೆ ಮೇಡಂ. ದಿನಾ ತಿಂತಾರೆ."

ಮೇಡಂ ನನ್ನ ಕಡೆ ತಿರುಗಿ, ಮೊದಲ ಕಾಲ್‌ನಲ್ಲಿ ಊಟದ ವಿಷಯ ಅಜ್ಜಿ ಏನು ಹೇಳಿದ್ದರು ಅಂತ ಕೇಳಿದರು. ನಾನು ಬರೆದುಕೊಂಡದ್ದನ್ನು ತೆಗೆದು ನೋಡಿದೆ. ಹಾಳೆಯಲ್ಲಿ ಅಜ್ಜಿಯದು ಅನ್ನುವ ಒಂದು ಮಾತೂ ಇರಲಿಲ್ಲ. ಆ ಹಾಳೆ ನೋಡಿ ನನಗೆ ತುಂಬ ನಾಚಿಕೆಯಾಯಿತು. ಎರಡು ದಿನ ಬಿಟ್ಟು ಮತ್ತೊಂದು ವಿಡಿಯೊ ಕಾಲ್ ಇಟ್ಟೆವು. ನಾನಿರುವುದು ಶ್ರೀರಂಗಪಟ್ಟಣದಲ್ಲಿ, ಅಜ್ಜಿಯ ಊರು ದೂರವಿಲ್ಲ. ಮಂಗಳವಾರ ಡ್ಯೂಟಿ ಮುಗಿಸಿ ನೇರ ಅವರ ಮನೆಗೆ ಹೋದೆ.

ಮನೆಯಲ್ಲಿ ಕಂಡದ್ದು

ಆ ಎರಡು ಗಂಟೆಯಲ್ಲಿ ನಾನು ಕಲಿತದ್ದು ಜಾಸ್ತಿ. ವಯಸ್ಸಾದವರಿಗೆ ಫೋನ್ ಬರುವುದಿಲ್ಲ ಅಂತ ಸುಮ್ನೆ ಹೇಳಿಬಿಡುತ್ತೇವೆ. ಈ ಅಜ್ಜಿ ದಿನಾ ಸಂಜೆ ಬೆಂಗಳೂರಿನ ಮರಿಮಗುವನ್ನು ವಾಟ್ಸಾಪ್ ವಿಡಿಯೊದಲ್ಲಿ ನೋಡುತ್ತಾರೆ. ಫೋನ್ ಎತ್ತುವುದು, ಹಿಡಿಯುವುದು ಮಾತ್ರ ಸೊಸೆ. ಯಾಕೆ ಅಂತ ಕೇಳಿದೆ. "ನಾನು ಒತ್ತುದ್ರೆ ಅದು ಬ್ಯಾರೆ ಎಲ್ಲೋ ವೋಯ್ತದೆ" ಅಂದರು.

ಒತ್ತಿ ತೋರಿಸಿ ಅಜ್ಜಿ ಅಂದೆ. ಅವರ ಬೆರಳ ತುದಿ ನೋಡಿದಾಗ ಅರ್ಥವಾಯಿತು. ಐವತ್ತು ವರ್ಷ ನಾಟಿ ಹಾಕಿದ, ಕಳೆ ಕಿತ್ತ, ಕಬ್ಬಿನ ಸೋಗೆ ಬಿಡಿಸಿದ ಕೈ. ತುದಿ ಒಣಗಿ ದಡ್ಡುಗಟ್ಟಿದೆ. ಈ ಫೋನುಗಳ ಪರದೆ ಚರ್ಮದ ಮೂಲಕ ಹರಿಯುವ ಸಣ್ಣ ವಿದ್ಯುತ್ತಿನ ಬದಲಾವಣೆಯಿಂದ ಬೆರಳನ್ನು ಗುರುತಿಸುತ್ತದೆ. ಒಣಗಿದ ದಪ್ಪ ಚರ್ಮ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಅಜ್ಜಿ ಗಟ್ಟಿಯಾಗಿ, ಜಾಸ್ತಿ ಹೊತ್ತು ಒತ್ತುತ್ತಾರೆ. ಫೋನ್ ಅದನ್ನು ಬೇರೆ ಅಪ್ಪಣೆ ಅಂತ ತಿಳಿದು ಬೇರೇನೋ ತೆರೆಯುತ್ತದೆ. ಇಷ್ಟು ದಿನ ಅಜ್ಜಿ ತಮಗೇ ಬುದ್ಧಿ ಇಲ್ಲ ಅಂದುಕೊಂಡಿದ್ದರು! ಕೈ ತೊಳೆದು ಒರೆಸಿ, ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ತಿಕ್ಕಿದೆವು. ಸೆಟ್ಟಿಂಗಿನಲ್ಲಿ, ಒತ್ತಿ ಹಿಡಿದಿದ್ದಾರೆ ಅಂತ ಫೋನ್ ಎಷ್ಟು ಹೊತ್ತಿನ ಮೇಲೆ ತಿಳಿಯಬೇಕು ಅನ್ನುವುದನ್ನು ಉದ್ದ ಮಾಡಿದೆ. ಅಕ್ಷರದ ಗಾತ್ರ ದೊಡ್ಡದು ಮಾಡಿದೆ.

ನಮ್ಮ ಲಿಂಕಿನ ಗೋಜೇ ಬೇಡ ಅಂತ ಅಲ್ಲೇ ನಿರ್ಧರಿಸಿದೆ. ಮಾರ್ಗಸೂಚಿಯಲ್ಲಿ ವಾಟ್ಸಾಪ್ ತರಹದ ಸಾಮಾನ್ಯ ಆಪ್‌ಗಳಿಗೂ ಅವಕಾಶ ಇದೆ. ಕರೆ ನಮ್ಮಿಂದಲೇ ಬರಲಿ, ಅಜ್ಜಿ ಎತ್ತಿದರೆ ಸಾಕು. ಪರದೆ ಲಾಕ್ ಆಗಿದ್ದಾಗ ಆ ಗುರುತನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. "ಗ್ವಾಡೆ ಸಾರಿಸ್ದಂಗೆ ಅನ್ನು" ಅಂದರು ಅಜ್ಜಿ. ನಾನು ಅಂಗಳದಿಂದ ಕರೆ ಮಾಡಿದೆ, ಅವರು ಒಳಗಿನಿಂದ ಎತ್ತಿದರು. ಐದು ಸಲ ಮಾಡಿದೆವು. ಮೊದಲ ಎರಡು ಸಲ ಕಟ್ ಆಯಿತು. ಐದನೆಯ ಸಲ ಎತ್ತಿ, "ಯಾರವ್ವ ಅದು?" ಅಂತ ಕೇಳಿದರು. ಮುಖದಲ್ಲಿ ಅಂಥ ಖುಷಿ.

ಮುಂದಿನದು ಜಾಗ. ಜಗುಲಿಯಲ್ಲಿ ಟವರ್ ಚೆನ್ನಾಗಿ ಸಿಗುತ್ತಿತ್ತು, ಆದರೆ ಬೀದಿಯಲ್ಲಿ ಹೋಗುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ಒಳಕೋಣೆಯಲ್ಲಿ ಟವರ್ ಇಲ್ಲ. ಹಿತ್ತಲ ಬಾಗಿಲ ಪಕ್ಕದ ಅಡುಗೆ ಮನೆಯ ಮೂಲೆಯಲ್ಲಿ ಎರಡೂ ಸರಿಹೋಯಿತು. ಬಾಗಿಲ ಬೆಳಕು ಮುಖದ ಮೇಲೆ ಬೀಳುವ ಹಾಗೆ ಮಣೆ ತಿರುಗಿಸಿದೆವು. ಫೋನ್ ನಿಲ್ಲಿಸಲು ಸೊಸೆ ಒಂದು ಸೇರಿಗೆ ರಾಗಿ ತುಂಬಿ ತಂದರು. ಅದಕ್ಕೆ ಒರಗಿಸಿದರೆ ಫೋನ್ ಅಲುಗಾಡುವುದಿಲ್ಲ, ಅಜ್ಜಿಯ ಕೈಯೂ ನೋಯುವುದಿಲ್ಲ. ಅಂಗಡಿಯ ಯಾವ ಸ್ಟ್ಯಾಂಡಿಗಿಂತಲೂ ಇದೇ ಚೆನ್ನಾಗಿತ್ತು.

ಕಿವಿಯ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಫೋನಿನಲ್ಲಿ ನಾನು "ಕಾಲು ಊದಿದೆಯಾ ಅಜ್ಜಿ?" ಅಂತ ಕೇಳಿದೆ. "ಅರ್ಧ ಲೋಟ ಕುಡೀತೀನಿ" ಅಂದರು. ಕಾಲು ಅಂದದ್ದು ಅವರಿಗೆ ಹಾಲು ಅಂತ ಕೇಳಿಸಿತ್ತು. ವಯಸ್ಸಿನಿಂದ ಕಿವಿ ಮಂದವಾದಾಗ ಮೊದಲು ಹೋಗುವುದು ತೆಳ್ಳನೆಯ, ಕೀಚು ಸ್ವರದ ಶಬ್ದಗಳು. ಕ, ತ, ಪ, ಸ, ಹ ಇವೆಲ್ಲ ಸವೆದು ಹೋಗುತ್ತವೆ. ಸ್ವರಗಳು ಉಳಿಯುತ್ತವೆ. ಕಾಲು, ಹಾಲು, ಸಾಲು, ಪಾಲು ಎಲ್ಲ ಒಂದೇ ಥರ ಕೇಳಿಸುತ್ತದೆ. ಅಜ್ಜಿ ಇದನ್ನೇ ತಮ್ಮ ಮಾತಿನಲ್ಲಿ ಹೇಳಿದರು: "ಕೇಳುಸ್ತದೆ ಕಣವ್ವ, ಏನಂತ ಗೊತ್ತಾಗಕಿಲ್ಲ." ಇಂಥವರ ಹತ್ತಿರ ಕೂಗಿ ಮಾತಾಡಿದರೆ ಸ್ವರವೇ ದೊಡ್ಡದಾಗುತ್ತದೆ, ವ್ಯಂಜನ ಮತ್ತೂ ಮುಚ್ಚಿಹೋಗುತ್ತದೆ. ನಿಧಾನವಾಗಿ ಹೇಳಬೇಕು, ತುಟಿ ಕಾಣಬೇಕು. ನಮ್ಮ ಮೇಡಂ ಕಾಲ್‌ನಲ್ಲಿ ಮಾಸ್ಕ್ ಹಾಕಿಕೊಂಡೇ ಮಾತಾಡುತ್ತಿದ್ದರು!

ತಂತಿಯ ಇಯರ್‌ಫೋನ್ ಹಾಕಿ ನೋಡಿದೆ. ಎರಡೂ ಕಿವಿಗೆ ಹಾಕಿದಾಗ ಅಜ್ಜಿಗೆ ಹತ್ತರಲ್ಲಿ ಎಂಟು ಮಾತು ತಿಳಿಯಿತು. ಆದರೆ ಸೊಸೆ ಬೇಸರ ಮಾಡಿಕೊಂಡರು. "ನಂಗೆ ಏನೂ ಕೇಳ್ಸಲ್ವಲ್ಲ, ಮಾತ್ರೆ ಬದಲಾಯಿಸಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?" ಕೇಳಿದ್ದು ನ್ಯಾಯವೇ. ಮಾತ್ರೆ ಎತ್ತಿಕೊಡುವವರು ಅವರೇ ಅಲ್ವಾ?

ಇಡೀ ಪ್ರಕರಣ ತಿರುಗಿದ್ದು ಸೊಸೆಯ ಆ ಒಂದು ಪ್ರಶ್ನೆಯಿಂದ. ಕಾಲ್ ಅನ್ನು ಎರಡು ಭಾಗ ಮಾಡೋಣ ಅಂದೆ. ಮೊದಲ ಭಾಗದಲ್ಲಿ ಅಜ್ಜಿಗೆ ಇಯರ್‌ಫೋನ್, ಅಜ್ಜಿ ಮತ್ತು ಮೇಡಂ ಮಾತ್ರ. ಸೊಸೆ ಅಂಗಳದಲ್ಲಿ ಇರುತ್ತಾರೆ. ಅದು ಮುಗಿದ ಮೇಲೆ ಅಜ್ಜಿ ಕರೆಯುತ್ತಾರೆ, ಇಯರ್‌ಫೋನ್ ಕಿತ್ತು ಸ್ಪೀಕರ್ ಹಾಕಿ ಸೊಸೆ ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಮಗಳಿಗೂ ಫೋನ್ ಮಾಡಿ ಹೇಳಿದೆ, ಎರಡನೇ ಭಾಗಕ್ಕೆ ಸೇರಿಕೊಳ್ಳಿ ಅಂತ. ಅವರಿಗೆ ಸ್ವಲ್ಪ ನೋವಾಯಿತು. "ಅಮ್ಮನಿಗೆ ಹೇಳೋಕೆ ಬರಲ್ಲ ಸಿಸ್ಟರ್" ಅಂದರು. ಒಂದು ಸಲ ನೋಡೋಣ ಅಂತ ಕೇಳಿಕೊಂಡೆ, ಒಪ್ಪಿದರು.

ಕಾನೂನಿನ ಪ್ರಕಾರವೂ ಇದೇ ಸರಿ. ಬೇರೊಬ್ಬರು ರೋಗಿಯ ಪರವಾಗಿ ಮಾತಾಡಬಹುದು ಅಂತ ಮಾರ್ಗಸೂಚಿ ಹೇಳುವುದು ಚಿಕ್ಕ ಮಕ್ಕಳ ವಿಷಯದಲ್ಲಿ, ತಾವಾಗಿ ಹೇಳಿಕೊಳ್ಳಲು ಆಗದವರ ವಿಷಯದಲ್ಲಿ. ರೋಗಿ ಎದುರಿಗೇ ಇಲ್ಲದಿದ್ದರೆ ಅವರ ಒಪ್ಪಿಗೆ ಪತ್ರ, ಸಂಬಂಧದ ದಾಖಲೆ ಅಥವಾ ಹಿಂದಿನ ನೇರ ಭೇಟಿಯಲ್ಲಿ ರೋಗಿಯೇ ಗುರುತಿಸಿದ್ದು ಇರಬೇಕು. ಈ ಅಜ್ಜಿಗೆ ಬುದ್ಧಿ ಚುರುಕಾಗಿದೆ. ಹಾಲಿನ ಡೇರಿಯ ಲೆಕ್ಕ ಬಾಯಲ್ಲೇ ಇದೆ.

ಹೊರಡುವ ಮುಂಚೆ ಮಾತ್ರೆಯ ಪಟ್ಟಿಗಳನ್ನೆಲ್ಲ ಮಣೆಯ ಮೇಲೆ ಹರಡಿ ಫೋಟೊ ತೆಗೆದುಕೊಂಡೆ. ಕಾಲ್‌ನಲ್ಲಿ ಮಾತ್ರೆ ತೋರಿಸಿ ಅಂದರೆ ಜನ ಫೋನಿನ ಹತ್ತಿರಕ್ಕೆ ತರುತ್ತಾರೆ. ಕಡಿಮೆ ಬೆಲೆಯ ಫೋನುಗಳ ಮುಂದಿನ ಕ್ಯಾಮೆರಾ ಅಷ್ಟು ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯುವುದಿಲ್ಲ. ಹಿಂದಿನ ದಿನವೇ ಹಿಂಬದಿಯ ಕ್ಯಾಮೆರಾದಲ್ಲಿ ಫೋಟೊ ತೆಗೆದು ಕಳಿಸಿದರೆ ಕಾಲ್‌ನ ಐದು ನಿಮಿಷ ಉಳಿಯುತ್ತದೆ. ಬಿಪಿ ನೋಡುವುದನ್ನೂ ಸೊಸೆಗೆ ತೋರಿಸಿಕೊಟ್ಟೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಗೋಡೆ ಇರಬೇಕು, ಪಾದ ನೆಲಕ್ಕೆ ತಾಗಬೇಕು, ಕೈ ಎದೆಯ ಮಟ್ಟಕ್ಕೆ ಇರಬೇಕು, ಪಟ್ಟಿ ಸೆರಗಿನ ಮೇಲಲ್ಲ ಬರಿಯ ತೋಳಿನ ಮೇಲೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ.

ಎರಡನೇ ಕಾಲ್

ಬುಧವಾರ ಮಧ್ಯಾಹ್ನ 3 ಗಂಟೆ. ಮೇಡಂಗೆ ಬೇರೆ ರೋಗಿಗಳ ಒತ್ತಡ ಇರದ ಹೊತ್ತು ಬೇಕು ಅಂತ ಆ ಸಮಯ ಇಟ್ಟಿದ್ದೆ. ಕರೆ ಮಾಡಿದೆ. ನಾಲ್ಕು ಸಲ ರಿಂಗ್ ಆಯಿತು. ಆಮೇಲೆ ಪರದೆಯ ಮೇಲೆ ಅಜ್ಜಿಯ ಮುಖ, ಪೂರ್ತಿ ಬೆಳಕಿನಲ್ಲಿ. ಅವರೇ ಎತ್ತಿದ್ದರು. ಮೇಡಂ ಮಾಸ್ಕ್ ತೆಗೆದು, ಮುಂದಕ್ಕೆ ಬಾಗಿ ಮಾತಾಡಿದರು.

"ಆವತ್ತು ಶನಿವಾರ ಬೆಳಗ್ಗೆಯಿಂದ ಏನೇನು ಮಾಡಿದ್ರಿ ಅಮ್ಮ? ನಿಧಾನಕ್ಕೆ ಹೇಳಿ. ನನಗೇನೂ ಆತುರ ಇಲ್ಲ."

ಅಜ್ಜಿ ಸುಮ್ಮನಿದ್ದರು. ವಿಡಿಯೊದಲ್ಲಿ ಮೌನ ಬಂದರೆ ನೆಟ್‌ವರ್ಕ್ ಹೋಯಿತು ಅಂತ ನಾವು ತಟ್ಟನೆ "ಕೇಳಿಸ್ತಿದೆಯಾ?" ಅನ್ನುತ್ತೇವೆ. ಮೇಡಂ ಹಾಗೆ ಅನ್ನಲಿಲ್ಲ. ಕಾದರು. ಅಜ್ಜಿ ಒಂದು ಸಲ ಅಂಗಳದ ಕಡೆ ನೋಡಿದರು. ಯಾರೂ ಹತ್ತಿರ ಇಲ್ಲ ಅಂತ ಗೊತ್ತಾದ ಮೇಲೆ ಹೇಳಿದರು.

"ಶನಿವಾರ ಒಪ್ಪೊತ್ತು ಕಣವ್ವ. ನಮ್ಮ ಯಜಮಾನ್ರು ವೋದಾಗಿಂದ ಬುಟ್ಟಿಲ್ಲ."

ಎರಡು ವರ್ಷದ ಹಿಂದೆ ಮಗ ಬೈದಿದ್ದರಂತೆ, ಶುಗರ್ ಇಟ್ಟುಕೊಂಡು ಒಪ್ಪೊತ್ತು ಇರಬೇಡ ಅಂತ. ಆಯಿತು ಅಂತ ಅಜ್ಜಿ ಒಪ್ಪಿದರು. ಆದರೆ ಬಿಡಲಿಲ್ಲ. ಶನಿವಾರ ಬೆಳಗ್ಗೆ ಸೊಸೆ ಕೊಟ್ಟ ರೊಟ್ಟಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಹಸುವಿಗೆ ಹಾಕುತ್ತಿದ್ದರು. ಮಾಮೂಲಿ ಶನಿವಾರ ಮಧ್ಯಾಹ್ನ ಏನಾದರೂ ತಿನ್ನುತ್ತಿದ್ದರು. ಶ್ರಾವಣದ ಶನಿವಾರ ಮಾತ್ರ ಸಂಜೆ ತಿಮ್ಮಪ್ಪನ ಪೂಜೆ ಆದ ಮೇಲೆಯೇ ಊಟ.

"ಮಾತ್ರೆ?" ಅಂತ ಕೇಳಿದರು ಮೇಡಂ.

"ಒಂದಿನಾನೂ ಬುಡಬ್ಯಾಡಿ ಅಂತ ನೀವೇ ಯೋಳಿದ್ರಿ. ಒಪ್ಪೊತ್ತು ಬುಡಕ್ಕಾಯ್ತದಾ? ಅದ್ಕೇ ಎರಡ್ನೂವೆ ಬುಡ್ನಿಲ್ಲ."

ನಾನು ಮೇಡಂ ಪಕ್ಕದಲ್ಲೇ ಕುಳಿತಿದ್ದೆ. ನನ್ನ ಕಣ್ಣು ತುಂಬಿತು. ಮಾತ್ರೆ ಒಂದು ದಿನವೂ ತಪ್ಪಿಸಲ್ಲ ಅಂತ ಮಗಳು ಹೇಳಿದ್ದು ನಿಜವೇ ಆಗಿತ್ತು, ಅಪಾಯ ಇದ್ದದ್ದೂ ಅದರಲ್ಲೇ. ಮೊದಲು ನುಂಗುತ್ತಿದ್ದ ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಹೊಟ್ಟೆಗೆ ಅನ್ನ ಬೀಳಲಿ ಬೀಳದಿರಲಿ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೆಳಗ್ಗೆ ಏಳಕ್ಕೆ ಬರಿ ಕಾಫಿಯ ಜೊತೆ ನುಂಗಿದ ಮಾತ್ರೆ ಸಂಜೆ ನಾಲ್ಕೂವರೆಗೆ ಅಜ್ಜಿಯನ್ನು ಕಲ್ಲಿನ ಮೇಲೆ ಕೂರಿಸಿತ್ತು. ಹಿಂದಿನ ಕೆಲವು ಶನಿವಾರವೂ "ಜೋಲಿ ಹೊಡ್ದಂಗೆ" ಆಗಿತ್ತಂತೆ. ವಯಸ್ಸು ಅಂದುಕೊಂಡು ಸುಮ್ಮನಿದ್ದರು.

ಮೇಡಂ ಬೈಯಲಿಲ್ಲ, ಒಪ್ಪೊತ್ತು ಬಿಡಿ ಅಂತಲೂ ಹೇಳಲಿಲ್ಲ. ಹಾಲು, ಬಾಳೆಹಣ್ಣು, ಅವಲಕ್ಕಿ ನಿಮ್ಮ ಒಪ್ಪೊತ್ತಿಗೆ ನಡೆಯುತ್ತಾ ಅಂತ ಕೇಳಿದರು. ನಡೆಯುತ್ತದೆ ಅಂದರು ಅಜ್ಜಿ. ಬೆಳಗ್ಗೆ ಮತ್ತು ಮಧ್ಯಾಹ್ನ ಅದನ್ನು ತಿನ್ನಲೇಬೇಕು ಅಂತ ಮಾತಾಯಿತು. ಗ್ಲಿಮೆಪಿರೈಡ್ ಸೇರಿದ ಮಾತ್ರೆ ನಿಲ್ಲಿಸಿ, ಶುಗರ್ ಹಾಗೆ ಕುಸಿಯುವ ಭಯ ಕಡಿಮೆ ಇರುವ ಬೇರೆ ಮಾತ್ರೆ ಬರೆದರು. ಇದು ಈ ಅಜ್ಜಿಯನ್ನು ನೋಡಿ ಡಾಕ್ಟರು ಮಾಡಿದ ಬದಲಾವಣೆ. ಓದುವವರು ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಆಮೇಲೆ ಮೇಡಂ ಕೇಳಿದ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. "ಇದನ್ನ ಮನೆಯವರಿಗೆ ಹೇಳಲಾ ಅಮ್ಮ? ನಿಮಗೆ ಮತ್ತೆ ಹಾಗಾದ್ರೆ ನೋಡ್ಕೊಳ್ಳೋರಿಗೆ ಗೊತ್ತಿರಬೇಕು."

ಅಜ್ಜಿ ಯೋಚಿಸಿದರು. "ಸೊಸೆಗೆ ಯೋಳಿ. ಅವಳು ಬೈಯಾಕಿಲ್ಲ."

ಇಯರ್‌ಫೋನ್ ಕಿತ್ತರು. ಸೊಸೆ ಬಂದು ಕೂತರು, ಎಲ್ಲ ಕೇಳಿಸಿಕೊಂಡರು. ಒಂದು ನಿಮಿಷ ಮಾತೇ ಆಡಲಿಲ್ಲ. "ನಂಗಾದ್ರೂ ಒಂದ್ ಮಾತು ಹೇಳ್ಬಾರದಾ ಅತ್ತೆ, ಅವಲಕ್ಕಿ ಮಾಡಿಕೊಡ್ತಿರಲಿಲ್ವಾ?" ಅಂದರು. ಮಗಳೂ ಕಾಲ್‌ಗೆ ಸೇರಿಕೊಂಡರು. ಮಾತ್ರೆ ಬದಲಾದದ್ದನ್ನು ಬರೆದುಕೊಂಡರು. ಮಗನಿಗೆ ಕೆಲವು ದಿನದ ನಂತರ ಅಜ್ಜಿಯೇ ಹೇಳಿದರಂತೆ. ಕಾಲ್ ಒಟ್ಟು 18 ನಿಮಿಷ. ಮೊದಲನೆಯದಕ್ಕಿಂತ ಏಳೇ ನಿಮಿಷ ಜಾಸ್ತಿ.

ಚೀಟಿಯದು ಒಂದು ಸಣ್ಣ ತೊಡಕು ಉಳಿದಿತ್ತು. ಫೋನಿಗೆ ಬಂದ ಚೀಟಿಯನ್ನು ಅವರ ಕಡೆಯ ಮೆಡಿಕಲ್ ಶಾಪಿನಲ್ಲಿ ಒಪ್ಪಲಿಲ್ಲ, ಕಾಗದ ಬೇಕು ಅಂದರು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರು. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನು ತೋರಿಸಿ ಅಂತ ಹೇಳಿಕೊಟ್ಟೆ. ಈಗ ಹೊಸ ಮಾತ್ರೆಯ ಹೆಸರು, ಯಾವ ಹೊತ್ತಿಗೆ ಅನ್ನುವುದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಇನ್ನೊಂದು ಹಾಳೆಯನ್ನೂ ಜೊತೆಗೆ ಕಳಿಸುತ್ತೇವೆ.

ವಿಡಿಯೊಗೆ ಆಗದ್ದು

ಮುಂದಿನ ತಿಂಗಳ ಕಾಲ್‌ನಲ್ಲಿ ಅಜ್ಜಿ ತಾವಾಗಿಯೇ ಹೇಳಿದರು, ಹಿಮ್ಮಡಿಯ ಹತ್ತಿರ ಕಪ್ಪಾಗಿದೆ, ನೋವಿಲ್ಲ ಅಂತ. ಸೊಸೆ ಹಿಂದಿನ ಕ್ಯಾಮೆರಾದಲ್ಲಿ ತೋರಿಸಿದರು. ನೋವಿಲ್ಲ ಅನ್ನುವುದೇ ಮೇಡಂಗೆ ಭಯ ತಂದಿತು. ಹಳೆಯ ಶುಗರ್ ಇರುವ ಹಲವರ ಪಾದದಲ್ಲಿ ಸ್ಪರ್ಶ ಸತ್ತಿರುತ್ತದೆ, ಗಾಯ ಆದರೂ ಗೊತ್ತಾಗುವುದಿಲ್ಲ. ನೈಲಾನ್ ಎಳೆ ಒತ್ತಿ ಸ್ಪರ್ಶ ನೋಡುವುದು, ಪಾದದ ನಾಡಿ ಹಿಡಿಯುವುದು ವಿಡಿಯೊದಲ್ಲಿ ಆಗುವ ಕೆಲಸ ಅಲ್ಲ. ಎರಡೇ ದಿನದಲ್ಲಿ ಮೈಸೂರಿಗೆ ಕರೆಸಿದೆವು. ಚಪ್ಪಲಿ ಒತ್ತಿ ಆದ ಗಾಯ, ಆಗತಾನೆ ಶುರುವಾಗಿತ್ತು. ಬೇಗ ವಾಸಿಯಾಯಿತು. ಬಸ್ ಸ್ಟ್ಯಾಂಡಿನ ಶೌಚಾಲಯ ಎಲ್ಲಿದೆ ಅಂತ ಸೊಸೆಗೆ ಮೊದಲೇ ಹೇಳಿದ್ದೆ, ದಾರಿಯಲ್ಲಿ ನೀರು ಕುಡಿಸಿಕೊಂಡೇ ಬಂದರು. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ ಅಂತ ಚೀಟಿ ಬರೆದುಕೊಟ್ಟಿದ್ದೇವೆ.

ಇವರಿಗೆ ಸೊಸೆ ಇದ್ದರು, ಫೋನ್ ಇತ್ತು, ಟವರ್ ಇತ್ತು. ಅದು ಯಾವುದೂ ಇಲ್ಲದವರೂ ಅದೇ ಊರಲ್ಲಿದ್ದಾರೆ. ಅಂಥವರಿಗೆ ನಾನು ಸರ್ಕಾರದ ಇ-ಸಂಜೀವಿನಿ ಬಗ್ಗೆ ಹೇಳುತ್ತೇನೆ. ಅದಕ್ಕೆ ದುಡ್ಡಿಲ್ಲ. 2020ರ ಏಪ್ರಿಲ್‌ನಿಂದ ಮನೆಯಿಂದಲೇ ಡಾಕ್ಟರನ್ನು ಕಾಣುವ ವ್ಯವಸ್ಥೆ ಅದರಲ್ಲಿದೆ. ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲಿ ಶುರುವಾದದ್ದು ಇನ್ನೊಂದು ಬಗೆ. ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ದೂರದ ಡಾಕ್ಟರಿಗೆ ಕಾಲ್ ಹಾಕಿಕೊಡುತ್ತಾರೆ. ವಯಸ್ಸಾದವರಿಗೆ ಈ ಎರಡನೆಯದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಬಿಪಿ ನೋಡಲು, ಪಾದ ಒತ್ತಿ ನೋಡಲು ಒಂದು ತಿಳಿದ ಕೈ ಪಕ್ಕದಲ್ಲಿರುತ್ತದೆ.

ನಮ್ಮ ಕ್ಲಿನಿಕ್ಕಿನಲ್ಲಿ 65 ದಾಟಿದವರಿಗೆ ಈಗ ಹಿಂದಿನ ದಿನ ಒಂದು ತಾಲೀಮು ಕಾಲ್ ಮಾಡುತ್ತೇವೆ. ಹತ್ತು ನಿಮಿಷ ಹಿಡಿಯುತ್ತದೆ. ಎಲ್ಲಿ ಕೂರುತ್ತೀರಿ, ಬೆಳಕು ಎಲ್ಲಿಂದ, ಕಿವಿಗೆ ಏನು, ವಾರದಲ್ಲಿ ಯಾವ ದಿನ ಒಪ್ಪೊತ್ತು ಅಥವಾ ಉಪವಾಸ, ಎಲ್ಲ ಕೇಳಿ ಬರೆದುಕೊಳ್ಳುತ್ತೇನೆ. ಕೆಲಸ ಜಾಸ್ತಿಯಾಯಿತು ಅಂತ ಮೊದಲು ನಮ್ಮವರೇ ಗೊಣಗಿದರು. ಕಾಲ್‌ನ ಹೊತ್ತಿನ ಗಲಿಬಿಲಿ ಕಡಿಮೆಯಾದ ಮೇಲೆ ಗೊಣಗುವುದು ನಿಂತಿತು. ಮೊದಲ ಐದು ನಿಮಿಷ ರೋಗಿ ಒಬ್ಬರೇ ಅನ್ನುವುದನ್ನು ಮಾತ್ರ ಮನೆಯವರಿಗೆ ಒಪ್ಪಿಸುವುದು ಇವತ್ತಿಗೂ ಕಷ್ಟ. ಒಬ್ಬೊಬ್ಬರಿಗೆ ಮೂರು ಸಲ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಕಳೆದ ಕಾಲ್‌ನಲ್ಲಿ ಅಜ್ಜಿ ಶನಿವಾರದ ಶುಗರ್ ಎಷ್ಟಿತ್ತು ಅಂತ ತಾವೇ ಓದಿ ಹೇಳಿದರು. ಬಿಪಿಯನ್ನೂ ಹೇಳಿದರು. ಮೇಡಂ ಇನ್ನೇನು ಮುಗಿಸಬೇಕು, ಆಗ ಅಜ್ಜಿ ಸೇರಿಗೆ ಒರಗಿಸಿದ್ದ ಫೋನನ್ನು ಕೈಗೆ ತೆಗೆದುಕೊಂಡು ಸೊಸೆಯ ಕಡೆ ತಿರುಗಿಸಿದರು. "ಇವಳು ದಿನಾ ತಲೆನೋವು ಅಂತಾಳೆ. ನನ್ನ ಮಿಷನ್ ಹಾಕಿ ನೋಡ್ದೆ, ನನಗಿಂತ ಜಾಸ್ತಿ ತೋರುಸ್ತು. ವಸಿ ನೋಡಿ."

ಸೊಸೆ ಬೇಡ ಬೇಡ ಅಂತ ಮುಖ ಮುಚ್ಚಿಕೊಂಡರು. ಮೇಡಂ ಎರಡು ಸಲ ಬಿಪಿ ನೋಡಿಸಿದರು. ಎರಡು ಸಲವೂ 160ರ ಮೇಲಿತ್ತು. ಮೊದಲ ಸಲ ಆದ್ದರಿಂದ ನೇರವಾಗಿ ಬಂದು ತೋರಿಸಲಿ ಅಂದರು. ಸೊಸೆಯ ಹೆಸರಿನಲ್ಲಿ ಹೊಸ ಫೈಲ್ ಮಾಡಿದ್ದೇನೆ. ಬರುವ ಗುರುವಾರ ಬರುತ್ತಾರೆ. ಜೊತೆಗೆ ಅಜ್ಜಿಯೂ ಬರುತ್ತೀನಿ ಅಂದಿದ್ದಾರೆ.